ಕರ್ನಲ್ ಲಾಯದ ಜಂತುಹುಳು

ಡಾಕ್ಟರಮ್ಮನ ಅಕ್ಕನ ಗಂಡನನ್ನು ಊರೆಲ್ಲ ಕರ್ನಲ್ ಎಂದು ಕರೆಯುತ್ತಿತ್ತು. ಸೈನ್ಯಕ್ಕೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಮೊಣಕಾಲು ಮುಟ್ಟುವ ಬೂಟು, ಮೇಣ ಹಚ್ಚಿ ಮೇಲಕ್ಕೆ ತಿರುವಿದ ಮೀಸೆ, ಕಂಕುಳಲ್ಲಿ ಸದಾ ಒಂದು ಚರ್ಮದ ಚಾವಟಿ. ಇಷ್ಟರಿಂದಲೇ ಆ ಪದವಿ ದಕ್ಕಿತ್ತು, ಅವನೂ ಬೇಡ ಅಂದಿರಲಿಲ್ಲ. ಊರಂಚಿನಲ್ಲಿ ಅವನದೊಂದು ಕುದುರೆ ಸವಾರಿ ಶಾಲೆ: ಹದಿನಾಲ್ಕು ಕುದುರೆ, ಒಂದು ಮರಿ, ಎರಡು ಸಾಲು ಲಾಯ, ಬೇಲಿ ಹಾಕಿದ ಎರಡು ಹುಲ್ಲುಗಾವಲು.

ಅವನ ನಾದಿನಿ ಪಶುವೈದ್ಯೆ. ಎಲ್ಲರೂ ಅವಳನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಕರ್ನಲ್ ಕೂಡ ಹಾಗೇ ಕರೆಯುತ್ತಿದ್ದ, ಆದರೆ ಕೊನೆಯ ‘ಅಮ್ಮ’ವನ್ನು ರಬ್ಬರಿನಂತೆ ಎಳೆದು, ಪಕ್ಕದಲ್ಲಿ ನಿಂತವರತ್ತ ಕಣ್ಣು ಮಿಟುಕಿಸಿ.

ಡಾಕ್ಟರಮ್ಮನಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅದು ದ್ವೇಷವಲ್ಲ. ದ್ವೇಷಿಸಬೇಕಾದರೆ ಎದುರಿನ ಮನುಷ್ಯನಿಗೆ ಒಂದಿಷ್ಟು ತೂಕವಾದರೂ ಇರಬೇಕು, ಇವನಿಗೆ ಇರುವುದೆಲ್ಲ ಬೂಟಿನ ತೂಕ ಎಂದು ಅವಳು ಹದಿನೈದು ವರ್ಷದ ಹಿಂದೆ, ಅಕ್ಕನ ಮದುವೆಯ ದಿನವೇ ತೀರ್ಮಾನಿಸಿದ್ದಳು. ಆಮೇಲೆ ಆ ತೀರ್ಮಾನವನ್ನು ಬದಲಿಸುವಂಥ ಕೆಲಸವನ್ನು ಅವನು ಒಂದೂ ಮಾಡಿರಲಿಲ್ಲ.

ಕುದುರೆಗಳಿಗೆ ಹುಳದ ಔಷಧಿ ಹಾಕುವುದು ಅವನಿಗೆ ಒಂದು ಪ್ರದರ್ಶನ. ಎರಡು ತಿಂಗಳಿಗೊಮ್ಮೆ, ಭಾನುವಾರ ಬೆಳಿಗ್ಗೆಯೇ ಆಗಬೇಕು. ಸವಾರಿ ಕಲಿಯುವ ಮಕ್ಕಳ ಅಪ್ಪ ಅಮ್ಮಂದಿರು ಬೇಲಿಯ ಆಚೆ ನಿಂತು ನೋಡುವ ದಿನ ಅದು. ತೋಳು ಮಡಚಿ, ಬಿಳಿ ಟ್ಯೂಬನ್ನು ಪಿಸ್ತೂಲಿನಂತೆ ಹಿಡಿದು, ಒಂದೊಂದು ಕುದುರೆಯ ಬಾಯಿಯ ಮೂಲೆಗೆ ತುರುಕಿ ಒತ್ತುತ್ತಿದ್ದ. ಸೊಂಟದೆತ್ತರದ ಪೋನಿಗೂ ಒಂದೇ ಟ್ಯೂಬು, ಬಾಗಿಲಿಗೆ ತಲೆ ತಗಲುವ ಕಪ್ಪು ಕುದುರೆಗೂ ಒಂದೇ ಟ್ಯೂಬು. ಅರ್ಧ ಔಷಧಿಯನ್ನು ಕುದುರೆಗಳು ಅಲ್ಲೇ ಉಗುಳುತ್ತಿದ್ದವು. ಅದನ್ನು ಬೂಟಿನಿಂದ ಒರೆಸಿ, “ಮುಗೀತು! ಇನ್ನೆರಡು ತಿಂಗಳು ಹುಳ ಅನ್ನೋದು ಈ ಕಡೆ ತಲೆ ಹಾಕಲ್ಲ” ಎಂದು ಘೋಷಿಸುತ್ತಿದ್ದ. ಒಂಬತ್ತು ವರ್ಷದಿಂದ ಅದೇ ಟ್ಯೂಬು, ಅದೇ ಘೋಷಣೆ. ಮರುದಿನ ಲಾಯದ ಲದ್ದಿಯನ್ನೆಲ್ಲ ಗೊಬ್ಬರವೆಂದು ಹುಲ್ಲುಗಾವಲಿನ ಮೇಲೇ ಹರಡಿಸುತ್ತಿದ್ದ. ಕುದುರೆಗಳು ಅದೇ ಹುಲ್ಲು ಮೇದು, ಹೊರಗೆ ಹಾಕಿದ ಹುಳುಗಳನ್ನು ಮತ್ತೆ ಒಳಗೆ ತೆಗೆದುಕೊಳ್ಳುತ್ತಿದ್ದವು.

ಇದೆಲ್ಲ ಗೊತ್ತಿದ್ದೂ ಡಾಕ್ಟರಮ್ಮ ಆ ಕಡೆ ಹೋಗುತ್ತಿರಲಿಲ್ಲ. ಹೋಗುವಂತೆ ಮಾಡಿದ್ದು ಅಕ್ಕನ ಫೋನು.

“ಮೂರು ಕುದುರೆ ಸೊರಗ್ತಿವೆ ಕಣೇ. ಎಷ್ಟು ತಿಂದ್ರೂ ಮೈ ಹತ್ತಲ್ಲ. ನಿನ್ನ ಭಾವನ್ನ ಕೇಳಿದ್ರೆ ದಾಣಿ ಜಾಸ್ತಿ ಹಾಕು ಅಂತಾರೆ.”

“ಅವರು ಹೇಳೋದೂ ಸರೀನೇ ಅಕ್ಕ. ಕುದುರೆಗೂ ಊಟ ಹಾಕಬೇಕು, ಹೊಟ್ಟೇಲಿರೋ ನೆಂಟರಿಗೂ ಹಾಕಬೇಕಲ್ಲ.”

“ಕುಹಕ ಸಾಕು. ಬಂದು ನೋಡ್ತೀಯೋ ಇಲ್ವೋ?”

ಬಂದಳು. ಲಾಯದ ಮೇಸ್ತ್ರಿ ಜೊತೆಗಿದ್ದ. ಇಪ್ಪತ್ತು ವರ್ಷದಿಂದ ಆ ಕುದುರೆಗಳ ಕೆಳಗೆ ಗುಡಿಸುತ್ತಿದ್ದವನು, ಕೇಳಿದರೆ ಮಾತ್ರ ಮಾತಾಡುವವನು. ಇಬ್ಬರೂ ಸೇರಿ ಪ್ರತಿ ಕುದುರೆಯ ಬಿಸಿ ಲದ್ದಿಯನ್ನು ಬೇರೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಅದರ ಮೇಲೆ ನಂಬರು ಬರೆಯುತ್ತಿದ್ದಾಗ ಕರ್ನಲ್ ಬಂದು ನಿಂತ.

“ಏನು ಡಾಕ್ಟರಮ್ಮಾ, ಲದ್ದಿ ಎಣಿಸೋಕೆ ಐದು ವರ್ಷ ಓದಿದ್ಯಾ?”

“ಲದ್ದಿ ಅಲ್ಲ ಭಾವ, ಅದರಲ್ಲಿರೋ ಮೊಟ್ಟೆ. ಲದ್ದಿ ಎಣಿಸೋಕೆ ನೀವೇ ಸಾಕು.”

ತನ್ನ ಪಶು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಲಸಿಕೆಯ ಫ್ರಿಜ್ಜಿನ ಪಕ್ಕದ ಮೇಜಿನ ಮೇಲೆ ಅವಳು ಆ ಚೀಲಗಳನ್ನು ಒಂದೊಂದಾಗಿ ಬಿಚ್ಚಿದಳು. ಲದ್ದಿಯನ್ನು ತೂಗಿ, ಉಪ್ಪುನೀರಿನಲ್ಲಿ ಕಲಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿದಳು. ಗಟ್ಟಿ ಉಪ್ಪುನೀರಿನಲ್ಲಿ ಹುಳದ ಮೊಟ್ಟೆಗಳು ಮೇಲಕ್ಕೆ ತೇಲುತ್ತವೆ. ಗೀಟು ಹಾಕಿದ ಗಾಜಿನ ಪಟ್ಟಿಯಲ್ಲಿ ಅವುಗಳನ್ನು ಸಾಲು ಹಿಡಿದು ಎಣಿಸಬಹುದು. ಎಣಿಸಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಹತ್ತು ಕುದುರೆಗಳ ಲದ್ದಿಯಲ್ಲಿ ಮೊಟ್ಟೆ ಅಷ್ಟಕ್ಕಷ್ಟೆ. ಉಳಿದ ನಾಲ್ಕೇ ಕುದುರೆಗಳು ಇಡೀ ಹುಲ್ಲುಗಾವಲಿಗೆ ಹುಳು ಹಂಚುತ್ತಿದ್ದವು. ಆ ಭಾನುವಾರ ಕರ್ನಲ್‌ನ ಪ್ರದರ್ಶನ ಎಂದಿನಂತೆ ನಡೆಯಲೆಂದು ಬಿಟ್ಟಳು. ಹದಿನಾಲ್ಕು ದಿನ ಕಳೆದ ಮೇಲೆ ಮತ್ತೆ ಲದ್ದಿ ತಂದು ಎಣಿಸಿದಳು. ಕಪ್ಪು ಕುದುರೆಯ ಲದ್ದಿಯಲ್ಲಿ ಮೊದಲು ಗ್ರಾಮಿಗೆ ಸಾವಿರದ ನೂರೈವತ್ತು ಮೊಟ್ಟೆ ಇದ್ದವು, ಈಗ ಸಾವಿರದ ನೂರು. ಒಂಬತ್ತು ವರ್ಷದ ಘೋಷಣೆಯ ಬೆಲೆ ಐವತ್ತು ಮೊಟ್ಟೆ.

ಆ ಹಾಳೆ ಹಿಡಿದು ಅವಳು ಕರ್ನಲ್‌ನ ಆಫೀಸಿಗೆ ಹೋದ ದಿನ ಅವಳ ನಡಿಗೆಯಲ್ಲಿ ಒಂದು ಹುರುಪಿತ್ತು. ಅದು ಕುದುರೆಗಳ ಸಲುವಾಗಿ ಬಂದ ಹುರುಪೇನಲ್ಲ.

ಆಫೀಸಿನ ಗೋಡೆಯ ಮೇಲೆ ಕರ್ನಲ್ ಕುದುರೆಯ ಮೇಲೆ ಕೂತ ಏಳು ಫೋಟೋ ಇದ್ದವು. ಏಳರಲ್ಲೂ ಕುದುರೆಗಿಂತ ಅವನ ಮುಖವೇ ದೊಡ್ಡದು. ಎದುರು ಕುರ್ಚಿಗಳಲ್ಲಿ ಮಕ್ಕಳನ್ನು ಸೇರಿಸಲು ಬಂದ ಗಂಡ ಹೆಂಡತಿ ಕೂತಿದ್ದರು.

“ಭಾವ, ನಿಮ್ಮ ಬಿಳಿ ಟ್ಯೂಬಿಗೆ ಈ ಕುದುರೆಗಳ ಹುಳ ಸಾಯ್ತಾ ಇಲ್ಲ. ವರ್ಷಗಟ್ಟಲೆ ಒಂದೇ ಔಷಧಿ ಕೊಟ್ಟು ಕೊಟ್ಟು ಹುಳಕ್ಕೆ ಅದು ಒಗ್ಗಿ ಹೋಗಿದೆ” ಎಂದಳು, ಆ ಇಬ್ಬರಿಗೂ ಕೇಳಿಸಲಿ ಎಂದೇ.

ಕರ್ನಲ್ ಹಾಳೆಯ ಮೇಲೆ ಕಣ್ಣಾಡಿಸಲಿಲ್ಲ. “ಮೈಕ್ರೋಸ್ಕೋಪು ಇಟ್ಟು ನೋಡಿದ್ರೆ ನಿನ್ನ ಊಟದ ತಟ್ಟೇಲೂ ಹುಳ ಕಾಣುತ್ತಮ್ಮಾ. ನಾನು ಕುದುರೆ ಮುಖ ನೋಡಿ ಹೇಳ್ತೀನಿ. ಹಿಂದಿನ ಕಡೆ ನೋಡಿ ಹೇಳೋಳು ನೀನು.”

ಗಂಡ ಹೆಂಡತಿ ನಕ್ಕರು. ಡಾಕ್ಟರಮ್ಮನ ಕಿವಿ ಬಿಸಿಯಾಯಿತು. ಅವಳು ಒಂದು ಚೀಟಿಯ ಮೇಲೆ ಬೇರೊಂದು ಔಷಧಿಯ ಹೆಸರು, ತೂಕಕ್ಕೆ ತಕ್ಕ ಅಳತೆ ಬರೆದು ಮೇಜಿನ ಮೇಲೆ ಎಸೆದಳು.

“ಆ ಟ್ಯೂಬುಗಳನ್ನ ತಿಪ್ಪೆಗೆ ಹಾಕಿ. ಇದನ್ನ ತರಿಸಿ. ಎದೆಸುತ್ತಿಗೆ ಟೇಪು ಹಿಡಿದು ತೂಕ ಲೆಕ್ಕ ಹಾಕಿ ಕೊಡಿ. ಓದೋಕೆ ಬರುತ್ತಲ್ಲ?”

ಹೊರಗೆ ಮೆಟ್ಟಿಲಿಳಿಯುವಾಗ ಹುಲ್ಲುಗಾವಲಿನಲ್ಲಿ ತಾಯಿಯ ಪಕ್ಕ ನಿಂತ ಮರಿ ಕಣ್ಣಿಗೆ ಬಿತ್ತು. ಐದು ತಿಂಗಳ ಗಂಡುಮರಿ. ಒರಟು ಕೂದಲು, ಮಡಕೆಯಂಥ ಹೊಟ್ಟೆ, ಆಗಾಗ ಒಂದು ಕೆಮ್ಮು. ಮರಿಯೆಂದು ಭಾನುವಾರದ ಸಾಲಿನಲ್ಲಿ ಅದಕ್ಕೆ ಇದುವರೆಗೆ ಔಷಧಿ ಹಾಕಿರಲಿಲ್ಲ. ಅದರ ಲದ್ದಿಯನ್ನೂ ಅವಳು ನೋಡಿದ್ದಳು. ದೊಡ್ಡ ಕುದುರೆಗಳ ಹುಳು ಬೇರೆ, ಮರಿಗಳ ಹುಳು ಬೇರೆ. ಮರಿಗಳದು ಪೆನ್ಸಿಲಿನಷ್ಟು ಉದ್ದದ ದುಂಡುಹುಳು. ಅವು ಕರುಳು ತುಂಬ ಇರುವಾಗ ಬಿರುಸಿನ ಔಷಧಿ ಕೊಟ್ಟರೆ ಎಲ್ಲ ಒಟ್ಟಿಗೆ ಸತ್ತು ಕರುಳಿಗೆ ಬಿರಡೆಯಂತೆ ಕೂರುತ್ತವೆ. ಅದಕ್ಕೆ ಮೆಲ್ಲಗೆ ಕೆಲಸ ಮಾಡುವ ಔಷಧಿಯೇ ಆಗಬೇಕು. ದೊಡ್ಡ ಕುದುರೆಗಳ ವಿಷಯದಲ್ಲಿ ಕೆಲಸಕ್ಕೆ ಬಾರದ ಆ ಬಿಳಿ ಟ್ಯೂಬು ಮರಿಗೆ ಮಾತ್ರ ಸರಿಯಾದ ಔಷಧಿಯಾಗಿತ್ತು.

ಇದನ್ನು ಹೇಳಬೇಕಿತ್ತು. ಒಂದು ಕಾಲು ಕೆಳಗಿನ ಮೆಟ್ಟಿಲ ಮೇಲೆ, ಇನ್ನೊಂದು ಮೇಲಿನ ಮೆಟ್ಟಿಲ ಮೇಲೆ ಇಟ್ಟು ಅವಳು ನಿಂತಳು. ಒಳಗಿನಿಂದ ಮತ್ತೊಮ್ಮೆ ನಗು ಕೇಳಿಸಿತು. ಈಗ ವಾಪಸು ಹೋಗಿ, ‘ಭಾವ, ಒಂದು ಮಾತು ಮರೆತೆ’ ಎನ್ನಬೇಕೆ? ಎಸೆಯಿರಿ ಎಂದವಳೇ ಎಸೆಯಬೇಡಿ ಎನ್ನಬೇಕೆ? ಈ ಬೂಟಿನ ಮನುಷ್ಯ ಜನ್ಮದಲ್ಲಿ ಇನ್ನೊಬ್ಬರ ಮಾತು ಕೇಳಿದವನಲ್ಲ. ಆ ಚೀಟಿ ಈಗಾಗಲೇ ಕಸದ ಬುಟ್ಟಿಯಲ್ಲಿರುತ್ತದೆ. ಹೀಗೆಂದುಕೊಂಡು ಅವಳು ಕಾರು ಹತ್ತಿದಳು.

ಎಂಟು ದಿನವಾದ ಮೇಲೆ, ಬೆಳಿಗ್ಗೆ ಒಂಬತ್ತಕ್ಕೆ ಮೇಸ್ತ್ರಿಯ ಫೋನು ಬಂತು. “ಡಾಕ್ಟರಮ್ಮ, ಮರಿ ನೆಲಕ್ಕೆ ಬಿದ್ದು ಹೊರಳಾಡ್ತಾ ಇದೆ. ಬೇಗ ಬನ್ನಿ.”

ಹೋಗುವಷ್ಟರಲ್ಲಿ ಮರಿ ಬೆವರಿನಲ್ಲಿ ತೊಯ್ದಿತ್ತು. ಏಳುತ್ತಿತ್ತು, ಹೊಟ್ಟೆಗೆ ಒದೆಯುತ್ತಿತ್ತು, ಮತ್ತೆ ಬೀಳುತ್ತಿತ್ತು. ನೋವಿಗೆ ಚುಚ್ಚುಮದ್ದು ಕೊಟ್ಟು ಅವಳು ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದಳು. ಬಕೀಟಿಗೆ ಹಸಿರು ನೀರು ಬಂತು. ಅದರ ಹಿಂದೆಯೇ ಬಿಳಿಯ ಹುಳುಗಳು ಬಂದವು. ಒಂದು, ಎರಡು, ಆಮೇಲೆ ಗಂಟುಗಂಟಾಗಿ.

“ಏನು ಕೊಟ್ರಿ ಇದಕ್ಕೆ?” ಎಂದು ಕೇಳಿದಳು. ಉತ್ತರ ಗೊತ್ತಿತ್ತು.

“ನೀವು ಬರ್ಕೊಟ್ಟಿದ್ದೇ” ಎಂದ ಮೇಸ್ತ್ರಿ. “ನಿನ್ನೆ ತರಿಸಿದ್ರು. ಯಾರನ್ನೂ ಕರೀಲಿಲ್ಲ, ನಾನೂ ಸಾಹೇಬ್ರೂ ಇಬ್ರೇ. ಎಲ್ಲಕ್ಕೂ ಟೇಪು ಹಿಡಿದು ತೂಕ ನೋಡಿದ್ರು. ಉಗುಳದ ಹಾಗೆ ಗಂಟಲು ಎತ್ತಿ ಹಿಡಿದು ಹಾಕಿದ್ರು. ಬಿಳೀ ಟ್ಯೂಬೆಲ್ಲ ತಿಪ್ಪೆಗೆ ಹಾಕಿಸಿದ್ರು.”

ಲಾಯದ ಬಾಗಿಲಲ್ಲಿ ಕರ್ನಲ್ ನಿಂತಿದ್ದ. ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಓಡಿ ಬಂದಿದ್ದ. ಬೂಟಿಲ್ಲದೆ ಅವನನ್ನು ಅವಳು ಲಾಯದಲ್ಲಿ ನೋಡಿದ್ದು ಅದೇ ಮೊದಲು. ಅವನು ಅಷ್ಟು ಗಿಡ್ಡ ಎಂದು ಅವಳಿಗೆ ಗೊತ್ತಿರಲಿಲ್ಲ.

“ಮರಿಗೂ ತೂಕ ನೋಡೇ ಹಾಕಿದೀನಿ. ಅಳತೆ ಹೆಚ್ಚಾಯ್ತಾ?”

“ಇಲ್ಲ. ಅಳತೆ ಸರಿ ಇದೆ.”

ಕರುಳು ಕೊಯ್ದು ನೋಡುವ ದೊಡ್ಡ ಆಸ್ಪತ್ರೆ ಎರಡು ಗಂಟೆಯ ದಾರಿ. ಅಕ್ಕ ವ್ಯಾನಿನ ಸ್ಟೀರಿಂಗ್ ಹಿಡಿದಳು. ಹಿಂದೆ ಹುಲ್ಲಿನ ಮೇಲೆ ಮರಿಯನ್ನು ಮಲಗಿಸಿ, ಅದರ ತಲೆಯನ್ನು ಕರ್ನಲ್ ತೊಡೆಯ ಮೇಲಿಟ್ಟುಕೊಂಡು ಕೂತ. ಡಾಕ್ಟರಮ್ಮ ಗ್ಲೂಕೋಸ್ ಬಾಟಲಿಯನ್ನು ಎತ್ತಿ ಹಿಡಿದು ಎದುರು ಕೂತಳು. ಅರ್ಧ ದಾರಿ ಕಳೆಯಿತು.

“ಭಾವ” ಎಂದಳು ಕೊನೆಗೆ. “ಮರಿಗೆ ಆ ಔಷಧಿ ಹಾಕಬಾರದಿತ್ತು. ಅದಕ್ಕೆ ನಿಮ್ಮ ಬಿಳೀ ಟ್ಯೂಬೇ ಸರಿ ಇತ್ತು. ನನಗೆ ಗೊತ್ತಿತ್ತು. ಮೆಟ್ಟಿಲ ಮೇಲೆ ನಿಂತು ಯೋಚನೆ ಮಾಡ್ದೆ, ವಾಪಸು ಬಂದು ಹೇಳಲಿಲ್ಲ.”

ಕರ್ನಲ್ ತಲೆಯೆತ್ತಿದ. “ಯಾಕೆ?”

“ನಿಮಗೆ ಹೇಳಿ ಏನು ಪ್ರಯೋಜನ ಅನ್ನಿಸ್ತು. ನೀವು ಕೇಳೋರಲ್ಲ ಅಂದ್ಕೊಂಡೆ.”

ಅವನು ಮರಿಯ ಕಿವಿಯ ಹಿಂದೆ ಬೆರಳಾಡಿಸಿದ. “ಒಂದು ಸಲ ಕೇಳ್ದೆ, ನೋಡು” ಎಂದ.

ಮುಂದೆ ಕೂತ ಅಕ್ಕ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿದಳು. ಆಸ್ಪತ್ರೆಯ ಗೇಟು ಇನ್ನೂ ಕಾಲು ಗಂಟೆ ದೂರವಿರುವಾಗ ಮರಿಯ ಉಸಿರು ನಿಂತಿತು. ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿ, ಬಾಟಲಿಯನ್ನು ಕೆಳಗಿಟ್ಟಳು. ಅಕ್ಕ ರಸ್ತೆಯ ಪಕ್ಕ ವ್ಯಾನು ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತಳು. ಕರ್ನಲ್ ತೊಡೆ ಅಲುಗಿಸದೆ ಹಾಗೇ ಕೂತಿದ್ದ.

ಆಮೇಲಿನ ದಿನಗಳಲ್ಲಿ ಡಾಕ್ಟರಮ್ಮ ಒಂದೇ ಮಾತಿಗೆ ಕಾದಳು. ಅವನು ಊರೆಲ್ಲ ಹೇಳಿಕೊಂಡು ಬರುತ್ತಾನೆ. ‘ನಮ್ಮ ಡಾಕ್ಟರಮ್ಮನ ಚೀಟಿ ನೋಡಿ’ ಎಂದು ಮೀಸೆ ತಿರುವುತ್ತಾನೆ. ಹೇಳಲಿ, ಹೇಳುವ ಹಕ್ಕು ಅವನಿಗಿದೆ ಎಂದುಕೊಂಡು ಮೈ ಗಟ್ಟಿ ಮಾಡಿಕೊಂಡಿದ್ದಳು. ಎರಡು ವಾರವಾದರೂ ಯಾರೂ ಅವಳನ್ನು ಓರೆಗಣ್ಣಿನಿಂದ ನೋಡಲಿಲ್ಲ. ತಾನೇ ಲಾಯಕ್ಕೆ ಹೋಗಿ ಮೇಸ್ತ್ರಿಯನ್ನು ಕೇಳಿದಳು.

“ಕೇಳಿದವರಿಗೆಲ್ಲ ಕರುಳು ಕಟ್ಟಿತ್ತು ಅಂತಾರೆ ಅಷ್ಟೇ” ಎಂದ ಮೇಸ್ತ್ರಿ. “ಯಾರ ಔಷಧಿ ಅಂತ ಒಬ್ಬರು ಕೇಳಿದ್ರು. ನನ್ನ ಲಾಯದಲ್ಲಿ ತೀರ್ಮಾನ ನಂದು, ತಪ್ಪಾದ್ರೂ ನಂದೇ ಅಂದ್ರು.”

ಅದು ದೊಡ್ಡತನವೋ, ಅಥವಾ ನಾದಿನಿಯ ಮಾತು ಕೇಳಿದೆ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲಾರದ ಜಂಬವೋ? ಜಂಬವೇ ಎಂದು ಸಾಬೀತಾಗಿದ್ದರೆ ಎಷ್ಟು ನೆಮ್ಮದಿಯಾಗುತ್ತಿತ್ತು! ಅಕ್ಕನನ್ನೇ ಕೇಳಿಬಿಟ್ಟಳು.

ಅಕ್ಕ ಬಟ್ಟೆ ಮಡಚುತ್ತಿದ್ದಳು. “ನಂಗೂ ಗೊತ್ತಿಲ್ಲ ಕಣೇ. ಎರಡೂ ಇರಬಹುದು. ಹದಿನೈದು ವರ್ಷದಿಂದ ಅವರ ಜೊತೆ ಇದೀನಿ. ಯಾವುದು ಎಲ್ಲಿ ಮುಗಿಯುತ್ತೆ ಅಂತ ನಾನೇ ಕೇಳೋದು ಬಿಟ್ಟೆ. ನಿಂಗೆ ಯಾಕೆ ಬೇಕು? ಬೈಯೋಕೆ ಹೊಸ ಕಾರಣ ಬೇಕಾ?”

ತಿರಸ್ಕಾರದಿಂದ ಬಾಯಿ ಮುಚ್ಚಿಕೊಂಡವಳು ತಾನು, ಅದರಿಂದ ಸತ್ತದ್ದು ಮರಿ ಎಂಬುದನ್ನು ಅಕ್ಕ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಈಗ ಡಾಕ್ಟರಮ್ಮ ಕನ್ನಡಿ ನೋಡಿದಾಗಲೂ ಅದೇ ಮೂಗು ಮುರಿಯುವ ನೋಟ ಬರುತ್ತಿತ್ತು. ಇಷ್ಟು ದಿನ ಒಬ್ಬನಿಗೇ ಮೀಸಲಾಗಿದ್ದ ನೋಟ ಅದು.

ಮುಂದಿನ ಗುರುವಾರ ಅವಳು ನಾಲ್ಕು ಹಾಳೆ ಬರೆದುಕೊಂಡು ಲಾಯಕ್ಕೆ ಹೋದಳು. ಕರ್ನಲ್‌ನನ್ನು ಕೂರಿಸಿ ಮೊದಲಿನಿಂದ ಕೊನೆಯವರೆಗೆ ಓದಿದಳು. ಹುಲ್ಲುಗಾವಲಿನ ಲದ್ದಿಯನ್ನು ವಾರಕ್ಕೆ ಎರಡು ಸಲ ಎತ್ತಬೇಕು, ಹರಡಬಾರದು. ಮೂರು ತಿಂಗಳಿಗೊಮ್ಮೆ ಎಣಿಸಬೇಕು. ಮೊಟ್ಟೆ ಹೆಚ್ಚಿರುವ ಕುದುರೆಗೆ ಮಾತ್ರ ಔಷಧಿ. ಎಣಿಕೆಯಲ್ಲಿ ಕಾಣದ ಹುಳುಗಳೂ ಇವೆ, ಅವುಗಳಿಗಾಗಿ ವರ್ಷಕ್ಕೊಮ್ಮೆ ಎಲ್ಲಕ್ಕೂ. ಮರಿಗಳ ಮಾತು ಪೂರ್ತಿ ಬೇರೆ, ತನ್ನನ್ನು ಕೇಳದೆ ಏನೂ ಕೊಡಬಾರದು. ಅವನು ನಡುವೆ ಬಾಯಿ ಹಾಕಿದಾಗೆಲ್ಲ ನಿಲ್ಲಿಸಿ, ಅವನು ಮುಗಿಸುವ ತನಕ ಕಾದು, ಬಿಟ್ಟಲ್ಲಿಂದ ಓದಿದಳು. ಆಮೇಲೆ ಅವನ ಬಾಯಿಂದಲೇ ಮತ್ತೊಮ್ಮೆ ಹೇಳಿಸಿದಳು.

ಆರು ತಿಂಗಳಲ್ಲಿ ಸೊರಗಿದ್ದ ಮೂರು ಕುದುರೆಗಳ ಪಕ್ಕೆಲುಬು ಮುಚ್ಚಿಕೊಂಡವು. ಭಾನುವಾರದ ಪ್ರದರ್ಶನ ಮಾತ್ರ ನಿಲ್ಲಲಿಲ್ಲ, ವಿಷಯ ಬದಲಾಯಿತು ಅಷ್ಟೇ. ಕರ್ನಲ್ ಈಗ ಬೇಲಿಯ ಪಕ್ಕ ಲದ್ದಿಯ ಚೀಲ ಎತ್ತಿ ಹಿಡಿದು ಭಾಷಣ ಮಾಡುತ್ತಿದ್ದ. “ಹುಳ ಎಲ್ಲ ಕುದುರೇಲೂ ಇರುತ್ತೆ. ಕಣ್ಣು ಮುಚ್ಚಿ ಔಷಧಿ ಸುರಿಯೋನು ದಡ್ಡ. ಮೊದಲು ಎಣಿಸಬೇಕು. ನಾನು ಇದನ್ನ ಮೊದಲಿಂದ್ಲೂ ಹೇಳ್ತಾ ಬಂದಿದೀನಿ!”

ಡಾಕ್ಟರಮ್ಮ ಲಾಯದ ಗೋಡೆಗೊರಗಿ ಇದನ್ನು ಕೇಳುತ್ತಿದ್ದಳು. ಮೊದಲಿಂದಲೂ ಅಂತೆ! ಪಕ್ಕದಲ್ಲಿ ಮೇಸ್ತ್ರಿ ನಗು ತಡೆಯಲು ಪೊರಕೆಯ ಹಿಡಿಕೆ ಕಚ್ಚುತ್ತಿದ್ದ.

ಅವಳು ನೇರವಾಗಿ ಬೇಲಿಯ ಬಳಿ ಹೋದಳು. “ಎರಡು ಮಾತು ಬಿಟ್ರಿ ಭಾವ” ಎಂದಳು.

ಕರ್ನಲ್‌ನ ಮೀಸೆ ಅಲುಗಿತು. “ಏನದು?”

“ಹೊಸದಾಗಿ ಬಂದ ಕುದುರೆಯನ್ನ ಬೇರೆ ಕಟ್ಟಬೇಕು, ಎಣಿಸೋ ತನಕ ಬೇಲಿಯೊಳಗೆ ಬಿಡಬಾರದು. ಮತ್ತೆ ಮರಿಗಳ ವಿಷಯ.”

“ಅದಕ್ಕೇ ಬರ್ತಿದ್ದೆ” ಎಂದ ಅವನು. ಬರುತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಚೀಲ ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. “ಮರಿಗಳದ್ದು ನೀನೇ ಹೇಳು.”

ಎಂಥ ಅಸಹ್ಯದ ಮನುಷ್ಯ, ನನ್ನ ಮಾತಿಗೆ ನನಗೇ ಅಪ್ಪಣೆ ಕೊಡುತ್ತಾನೆ ಎಂದುಕೊಳ್ಳುತ್ತಲೇ ಅವಳು ಬೇಲಿಗೆ ಕೈಯೂರಿ, ಹೇಳಬೇಕಾದದ್ದನ್ನೆಲ್ಲ ನಿಧಾನವಾಗಿ ಹೇಳತೊಡಗಿದಳು.