ಪಕ್ಕದ ಸೀಟಿನ ಬ್ರೇಕು

ನನ್ನ ಗಂಡನಿಗೆ ಕಾರು ಓಡಿಸಲು ಬರುವುದಿಲ್ಲ. ಬ್ರೇಕು ಹಾಕಲು ಮಾತ್ರ ಚೆನ್ನಾಗಿ ಬರುತ್ತದೆ. ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿ ಇಲ್ಲದ ಬ್ರೇಕನ್ನು ಬಲಗಾಲಿನಿಂದ ತುಳಿಯುತ್ತಾರೆ. ಅವರು ಟೈಲರ್, ಕಾಲು ಸುಮ್ಮನಿರುವುದಿಲ್ಲ. ನಾನೋ ಕಾರು ಕಂಪನಿಯಲ್ಲಿ ಹೊಸ ಕಾರುಗಳ ಮಾದರಿಯನ್ನು ಜೇಡಿಮಣ್ಣಿನಲ್ಲಿ ಮಾಡುವವಳು. ಊರಿಗೆಲ್ಲ ಕಾರು ಮಾಡಿಕೊಡುವವಳ ಮೇಲೆ ಕಟ್ಟಿಕೊಂಡ ಗಂಡನಿಗೇ ನಂಬಿಕೆಯಿಲ್ಲವಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಹೋದ ವಾರ ತಾಳ್ಮೆ ಕೆಟ್ಟಿತು.

"ರೀ, ಅದು ನಿಮ್ಮ ಹೊಲಿಗೆ ಮಿಷಿನ್ ಅಲ್ಲ. ನನ್ನ ಮೇಲೆ ನಂಬಿಕೆ ಇಲ್ಲ ಅಂದ್ರೆ ಬಸ್ಸಲ್ಲಿ ಹೋಗಿ."

ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು. ಮರುದಿನದಿಂದ ಬಸ್ಸಿನಲ್ಲೇ ಹೋದರು. ಜಗಳ ಆಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಆ ಮನುಷ್ಯ ಊಟದ ಡಬ್ಬಿ ಹಿಡಿದು "ಬರ್ತೀನಿ" ಎಂದಷ್ಟೇ ಹೇಳಿ ಹೋಗುತ್ತಿದ್ದರು. ಖಾಲಿ ಸೀಟನ್ನು ಪಕ್ಕದಲ್ಲಿಟ್ಟುಕೊಂಡು ಓಡಿಸುವುದು ನನಗೆ ಸಾಕಾಗಿತ್ತು. ಅವರು ಮತ್ತೆ ಅಲ್ಲಿ ಕೂರಬೇಕು. ಆದರೆ ಕರೆಯಲು ಬಾಯಿ ಬರುತ್ತಿರಲಿಲ್ಲ.

ಭಾನುವಾರ ಸಂಜೆ ಮನೆ ಮುಂದೆ ಕಾರು ತೊಳೆಯುತ್ತಿದ್ದೆ. ಅವರ ಕಡೆಯ ಮ್ಯಾಟ್ ಎತ್ತಿದರೆ ಬಲಗಾಲಿನ ಜಾಗದಲ್ಲಿ ತೂತು. ನನ್ನ ಮ್ಯಾಟೂ ಅಷ್ಟು ಸವೆದಿರಲಿಲ್ಲ. ಮ್ಯಾಟ್ ಹಾಸಿ, ಅಲ್ಲೇ ಕೂತು, ತೂತಿನ ಮೇಲೆ ಕಾಲಿಟ್ಟು ನೋಡಿದೆ. ಬೀದಿಯ ತಿರುವಿನಿಂದ ಅವರೇ ಬರುತ್ತಿದ್ದರು, ಕೈಯಲ್ಲಿ ದಾರದ ಉಂಡೆಗಳ ಚೀಲ. ಕೆಲಸದಲ್ಲಿರುವ ಹಾಗೆ ಕಾಣಲೆಂದು ಮೆಲ್ಲಗೆ ನನ್ನ ಸೀಟಿಗೆ ಜರುಗಿದೆ. ಗಂಡ ಮಾಯ.

ಮುಂದಿನ ಗಾಜನ್ನು ನನ್ನ ಬದಿಯಲ್ಲಿ ಹಿಡಿದು ನಿಲ್ಲಿಸುವ ಕಂಬದ ಹಿಂದೆ ಇಡೀ ಆಳು ಮರೆಯಾಗಿದ್ದರು. ಪಕ್ಕಕ್ಕೆ ಬಗ್ಗಿದೆ, ಕಂಡರು. ನೆಟ್ಟಗೆ ಕೂತೆ, ಇಲ್ಲ. ನಡೆಯುತ್ತಲೇ ಇದ್ದಾರೆ, ಕಾಣುತ್ತಲೇ ಇಲ್ಲ. ಇಷ್ಟು ದಿನ ಅವರು ತುಳಿದದ್ದು ನನ್ನನ್ನು ನಂಬದೆ ಅಲ್ಲ. ನನಗೆ ಕಾಣದವರು ಅವರಿಗೆ ಕಾಣುತ್ತಿದ್ದರು.

ಸೋಮವಾರ ಕೆಲಸಕ್ಕೆ ಹೋದವಳೇ ಹೊಸ ಕಾರಿನ ಮಣ್ಣಿನ ಮಾದರಿಯಲ್ಲಿ ಅದೇ ಕಂಬವನ್ನು ಕೆರೆಯಲು ಕೂತೆ. ಕಾರು ಪಲ್ಟಿಯಾದರೆ ತಲೆ ಕಾಯುವುದು ಅದೇ, ತೀರಾ ತೆಳ್ಳಗೆ ಮಾಡುವ ಹಾಗಿಲ್ಲ. ಅದನ್ನು ಎರಡಾಗಿ ಸೀಳಿ ನಡುವೆ ಗಾಜಿಗೆ ಜಾಗ ಬಿಟ್ಟೆ. ಆಮೇಲೆ ಪಕ್ಕದ ಸೀಟಿನ ಮುಂದೆ ಪುಟ್ಟ ಪೆಡಲ್ ಒಂದನ್ನು ಇಟ್ಟು, ಒತ್ತಿದರೆ ಓಡಿಸುವವರ ಕಣ್ಣೆದುರು ದೀಪ ಹತ್ತುವಂತೆ ತಂತಿ ಎಳೆದೆ. ಬಾಸ್ ಬಂದು ನೋಡಿದರು.

"ಇದು ಯಾರಿಗಮ್ಮ?"

"ಟೈಲರುಗಳಿಗೆ ಸಾರ್."

ಅವರು ನಕ್ಕರು. ತೆಗೆ ಎನ್ನಲಿಲ್ಲ.

ಮರುದಿನ ಗಂಡ ಡಬ್ಬಿ ಹಿಡಿದು ಹೊರಟಾಗ ನಾನು ಕಾರಿನ ಬಾಗಿಲು ತೆಗೆದು ನಿಂತಿದ್ದೆ.

"ಬಸ್ಸಿದೆ," ಎಂದರು.

"ನೀವು ಬೇಕು. ಆ ಕಂಬದ ಹಿಂದೆ ನಂಗೇನೂ ಕಾಣಲ್ಲ ರೀ."

ಬಂದು ಕೂತರು. ಎರಡೂ ಕಾಲನ್ನು ಸೀಟಿನಡಿಗೆ ಸೇರಿಸಿ, ಮೊದಲ ದಿನ ಶಾಲೆಗೆ ಬಂದ ಮಗುವಿನ ಹಾಗೆ ಕೂತರು. ನೋಡಿ ನನಗೆ ಅಳು ಬಂತು.

"ಕಾಲು ಚಾಚಿ ಕೂತ್ಕೊಳ್ಳಿ. ತುಳೀಬೇಕು ಅನ್ಸಿದ್ರೆ ತುಳೀರಿ."

"ಆಮೇಲೆ ಬೈಯಲ್ವಾ?"

"ಬೈತೀನಿ. ಮೊದಲು ಕಾರು ನಿಲ್ಲಿಸ್ತೀನಿ, ಆಮೇಲೆ ಬೈತೀನಿ."

ತಿರುವಿನಲ್ಲಿ ಅವರ ಬಲಗಾಲು ತೂತನ್ನು ಒತ್ತಿತು. ನನ್ನ ಕಣ್ಣಿಗೆ ದಾರಿ ಖಾಲಿಯಿತ್ತು. ಆದರೂ ಬ್ರೇಕು ತುಳಿದೆ. ಕಂಬದ ಮರೆಯಿಂದ ಹೆಂಗಸೊಬ್ಬಳು ಮಗುವಿನ ಗಾಡಿ ತಳ್ಳಿಕೊಂಡು ಬಂದು, ನಮ್ಮ ಮುಂದೆಯೇ ನಿಧಾನವಾಗಿ ರಸ್ತೆ ದಾಟಿದಳು.

ನಾನು ಗೇರಿನ ಮೇಲಿದ್ದ ಕೈಯನ್ನು ಅವರ ಮೊಣಕಾಲಿನ ಮೇಲಿಟ್ಟೆ. ಬೈಯುವುದು ನೆನಪಾಗಲಿಲ್ಲ.