ಒಂದೇ ಜಾತಿಯ ಎರಡು ಎಲೆ

ಗೌರಕ್ಕ ಮಗಳ ಮುಖ ನೋಡಲು ಒಪ್ಪಿದ್ದಾಳೆಂಬ ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಬೀಗಿದವನು ಗುರುಪಾದ. ಒಪ್ಪಿಸಿದವನು ಅವನೇ. ಗೌರಕ್ಕ ಅವನ ಹೆಂಡತಿ ದಾಕ್ಷಾಯಿಣಿಗೆ ದೊಡ್ಡವ್ವ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸೀರೆ ಅಂಗಡಿ, ಅಂಗಡಿಯ ಮೇಲೇ ಮನೆ. ಮಗಳು ರಜನಿ ಬೇರೆ ಜಾತಿಯ ವಿನೋದನನ್ನು ಮದುವೆಯಾದಂದಿನಿಂದ ಆ ಮನೆಯ ಬಾಗಿಲು ಅವಳಿಗೆ ಮುಚ್ಚಿತ್ತು. ತಂದೆ ತೀರಿಕೊಂಡಾಗಲೂ ಅವಳು ಬೀದಿಯಲ್ಲೇ ನಿಂತು ಮರಳಿದ್ದಳು. ವಿನೋದ ಗುರುಪಾದನ ಕಾಲೇಜಿನಲ್ಲೇ ಇತಿಹಾಸ ಕಲಿಸುವವನು. ಅವರ ರಿಜಿಸ್ಟರ್ ಮದುವೆಗೆ ಸಾಕ್ಷಿ ಸಹಿ ಹಾಕಿದ್ದು ಗುರುಪಾದನೇ. ಆ ಸಹಿಯ ಸಂಗತಿಯನ್ನು ಅವನು ಸಂದರ್ಭ ಸಿಕ್ಕಾಗಲೆಲ್ಲ ಹೇಳಿಕೊಳ್ಳುತ್ತಿದ್ದ.

ಪಕ್ಕದೂರಿನ ಸಪ್ತಾಪುರ ಬಡಾವಣೆಯ ಅವನ ಬಾಡಿಗೆ ಮನೆಯಲ್ಲಿ ಭಾನುವಾರ ಊಟ ಎಂದು ನಿಗದಿಯಾಯಿತು. ಗೌರಕ್ಕ ಬಂದಳು. ರಜನಿ ಕಾಲಿಗೆರಗಿದರೆ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಗುರುಪಾದನನ್ನು 'ಅಳಿಯಾರ' ಎಂದು ಕರೆದಳು. ವಿನೋದನನ್ನು ಏನೆಂದೂ ಕರೆಯಲಿಲ್ಲ. ಊಟಕ್ಕೆ ಎಣಗಾಯಿ ಪಲ್ಯ. ರಜನಿ ತನ್ನ ಮನೆಯಲ್ಲಿ ಮಾಡಿ ತಂದಿದ್ದ ಶೇಂಗಾ ಹೋಳಿಗೆಯನ್ನು ಗೌರಕ್ಕ ಬಹಳ ಹೊತ್ತು ಎಲೆಯಲ್ಲೇ ಬಿಟ್ಟು, ಕೊನೆಗೆ ಅರ್ಧ ಮುರಿದು ತಿಂದಳು. ಅಷ್ಟಕ್ಕೇ ರಜನಿಯ ಕಣ್ಣು ತುಂಬಿ ಬಂತು.

ಊಟವಾದ ಮೇಲೆ ಮಾತಿಗೆ ಬರ ಬಂದಾಗ ಗುರುಪಾದನಿಗೆ ಇಸ್ಪೀಟು ನೆನಪಾಯಿತು. ಅವನು ಸಂಖ್ಯಾಶಾಸ್ತ್ರದ ಮೇಷ್ಟ್ರು. ಭಾನುವಾರಗಳಂದು ಇದೇ ಪಡಸಾಲೆಯಲ್ಲಿ ಸಹೋದ್ಯೋಗಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಹುಣಸೆ ಬೀಜ ಪಣಕ್ಕಿಟ್ಟು ಪೋಕರ್ ಕಲಿಸುತ್ತಿದ್ದ. ಗೌರಕ್ಕನಿಗೂ ಎಲೆಯಾಟದ ಹುಚ್ಚಿತ್ತು.

"ನಾವು ರಮ್ಮಿ ಆಡಿದವರು. ಇದ್ಯಾವ ಆಟರೀ ಅಳಿಯಾರ?"

"ಭಾಳ ಸೋಪಿ ಐತ್ರಿ, ಏನೂ ಕಷ್ಟಿಲ್ಲ, ಅತ್ತಿಯಾರ. ಒಬ್ಬೊಬ್ಬರಿಗೆ ಎರಡೆರಡು ಎಲಿ. ನಡುವ ಬೀಳೋ ಐದು ಎಲಿ ಎಲ್ಲಾರಿಗೂ ಸೇರಿದ್ದು. ಏಳರಾಗ ಛಲೋ ಐದು ಆರಿಸಿಕೊಳ್ಳೋದು. ಐದೂ ಒಂದ ಜಾತಿ, ಅಂದ್ರ ಎಲ್ಲಾ ಇಸ್ಪೀಟೋ ಎಲ್ಲಾ ಆಟೀನೋ ಆದ್ರ ದೊಡ್ಡ ಕೈ. ಎಲಿ ಛಲೋ ಇಲ್ಲಂದ್ರ ಮೊದಲ ಬಿಟ್ಟುಬಿಡ್ರಿ."

ಗೌರಕ್ಕ ತನ್ನದೇ ಒಂದು ನಿಯಮ ಮಾಡಿಕೊಂಡಳು. ಎರಡೂ ಎಲೆ ಒಂದೇ ಜಾತಿಯದಾದರೆ, ಅದು ಮೂರು-ಎಂಟಾದರೂ ಸರಿ, ಎದೆಗವಚಿ ಹಿಡಿಯುವಳು. ಬೇರೆ ಬೇರೆ ಜಾತಿಯಾದರೆ ಎಂಥ ಎಲೆಯೆಂದು ನೋಡದೆ ಬಿಸಾಕುವಳು. ಒಮ್ಮೆ ಎಕ್ಕ-ರಾಣಿಯನ್ನೇ ಎಸೆದಳು. ಗುರುಪಾದನಿಗೆ ತಡೆಯಲಾಗಲಿಲ್ಲ.

"ಹಂಗ ಮಾಡಬ್ಯಾಡ್ರಿ ಅತ್ತಿಯಾರ. ಕೈಯಾಗಿನ ಎರಡು ಎಲಿ ಒಂದ ಜಾತಿ ಇದ್ರೂ, ಕಡೀತನಕ ಐದೂ ಕೂಡೋದು ನೂರು ಸಲದಾಗ ಆರೋ ಏಳೋ ಸಲ ಅಷ್ಟ. ಸಣ್ಣ ಎಲಿ ಕೂಡಿದ್ರ ಅದ ಜಾತಿಯ ದೊಡ್ಡ ಎಲಿ ಇದ್ದಾವ್ರು ನಿಮ್ಮನ್ನ ಸೋಲಸತಾರ. ಎಕ್ಕ-ರಾಣಿ ಬ್ಯಾರೆ ಜಾತಿ ಇದ್ರೂ ಛಲೋ ಎಲೀನ. ಒಂದ ಜಾತಿ ಆಗಿದ್ರ ನೂರರಾಗ ಎರಡು ಮೂರು ಸಲ ಹೆಚ್ಚಿಗಿ ಗೆಲ್ಲತಿತ್ತು, ಅಷ್ಟ ಫರಕು. ಮೊದಲು ಎಲಿ ಎಂಥಾದ್ದು ನೋಡ್ರಿ. ಜಾತಿ ಆಮ್ಯಾಲೆ."

"ಕೇಳಿದೇನವ್ವಾ?" ಎಂದಳು ರಜನಿ, ಅಂಜುತ್ತಲೇ. "ಜಾತಿ ಆಮ್ಯಾಲಂತ."

ಗೌರಕ್ಕ ಮಗಳ ಕಡೆ ನೋಡಿದಳು. ತುಟಿಯ ಅಂಚಿನಲ್ಲಿ ನಗು ಮೂಡಿತು. "ನಿನ್ನ ಬಾಯಿ ಇನ್ನೂ ಹಂಗ ಐತಿ ನೋಡು" ಎಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಿಣಿ ನೆಮ್ಮದಿಯ ಉಸಿರು ಬಿಟ್ಟಳು. ಆಟ ಅಲ್ಲಿಗೇ ನಿಂತಿದ್ದರೆ ಸಾಕಿತ್ತು.

ಮುಂದಿನ ಕೈಯಲ್ಲಿ ಗೌರಕ್ಕನಿಗೆ ಕಳಾವರ್ ರಾಜ, ಕಳಾವರ್ ನಾಲ್ಕು. ಹೇಳಿಸಿಕೊಂಡದ್ದನ್ನು ಮರೆತು ಹಿಡಿದೇಬಿಟ್ಟಳು. ರಜನಿಯ ಕೈಯಲ್ಲಿ ಇಸ್ಪೀಟ್ ಎಕ್ಕ, ಆಟೀನ್ ರಾಜ. ನಡುವಿನ ಮೊದಲ ಮೂರು ಎಲೆಯಲ್ಲಿ ಡೈಮನ್ ಎಕ್ಕ, ಒಂದು ಕಳಾವರ್ ಬಿದ್ದವು. ರಜನಿ ಹುರುಪಿನಿಂದ ಬೀಜಗಳನ್ನೆಲ್ಲ ಮುಂದಕ್ಕೆ ತಳ್ಳಿದಳು. ಆದರೆ ಉಳಿದೆರಡೂ ಕಳಾವರೇ ಬಿದ್ದು ಗೌರಕ್ಕನಿಗೆ ಐದೂ ಕೂಡಿದವು. ಅವಳು ಎಲೆ ಬಿಚ್ಚಿ ಚಪ್ಪಾಳೆ ತಟ್ಟಿದಳು. ಎಲ್ಲರೂ ನಕ್ಕರು, ಸೋತ ರಜನಿಯೂ ನಕ್ಕಳು.

ಆ ನಗುವಿನ ಅಮಲಿನಲ್ಲಿ ಗುರುಪಾದ ಬಾಯಿಬಿಟ್ಟ. "ಅದಕ್ಕ ಹೇಳೋದ್ರಿ, ಜಾತಿ ಬಿಟ್ಟು ಕೂಡಿದ್ರ ಕಡೀಕ ಕೈಯಾಗ ಏನೂ ಉಳಿಯಂಗಿಲ್ಲ!"

ಭಾನುವಾರದ ಮಂದಿಯ ಮುಂದೆ ಎಷ್ಟೋ ಸಲ ಆಡಿದ ಮಾತು. ಎಂದೂ ಹುಸಿಹೋಗದ ನಗೆಮಾತು. ನಾಲಿಗೆ ತಾನೇ ತಾನಾಗಿ ಆಡಿಬಿಟ್ಟಿತ್ತು. ಆದರೆ ಈ ಸಲ ನಕ್ಕದ್ದು ವಿನೋದ ಒಬ್ಬನೇ. ಅವನ ನಗುವೂ ಅರ್ಧಕ್ಕೆ ನಿಂತಿತು.

ಗೌರಕ್ಕ ಕೈಯಲ್ಲಿದ್ದ ಎಲೆಗಳನ್ನು ಚಾಪೆಯ ಮೇಲಿಟ್ಟಳು. "ಖರೇ ಅಂದ್ರಿ ಅಳಿಯಾರ. ಈ ಮಾತು ಅವತ್ತ ಸಹಿ ಹಾಕೂಮುಂದ ಹೇಳಿದ್ರ, ಇವಳ ಅಪ್ಪಾರು ಇನ್ನೂ ನಾಕು ದಿನ ಇರತಿದ್ರು."

ರಜನಿ ಎದ್ದು ಒಳಗೆ ಹೋದಳು. ನೀರಿನ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಅದರ ಹಿಂದೆ ಅವಳ ಅಳು. ಗುರುಪಾದ ಗಡಬಡಿಸಿದ. "ಅಲ್ಲರಿ, ನಾ ಎಲಿ ಬಗ್ಗೆ ಹೇಳಿದ್ದು..." ಎಂದ. ಯಾರೂ ಅವನತ್ತ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಗೌರಕ್ಕ ರಿಕ್ಷಾ ತರಿಸಿಕೊಂಡು ಹೊರಟುಹೋದಳು. ಬಾಗಿಲಲ್ಲಿ ಅವನ ಭುಜ ತಟ್ಟಿ, "ನಮ್ಮ ಮನಸು ತಿಳಿದವರು ನೀವೊಬ್ಬರ" ಎಂದಳು. ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ದಾಕ್ಷಾಯಿಣಿ ಪಾತ್ರೆ ತಿಕ್ಕುತ್ತಿದ್ದಳು. ಗುರುಪಾದನೇ ಹೋಗಿ ನಿಂತ. "ಚಾಷ್ಟಿಗೆ ಅಂದೆ. ನನ್ನ ಮನಸಿನ್ಯಾಗ ಏನೂ ಇರಲಿಲ್ಲ."

"ಏನೂ ಇಲ್ಲದ್ದು ಬಾಯಾಗ ಹ್ಯಾಂಗ ಬಂತು?" ಅವಳು ತಲೆಯೆತ್ತಲಿಲ್ಲ. "ಎರಡು ಮೂರು ಸಲದ ಫರಕು ಅಂತ ನೀವ ಹೇಳಿದ್ರಿ. ದೊಡ್ಡವ್ವ ನಕ್ಕಿದ್ಲು. ಅಷ್ಟಕ್ಕ ಬಿಡಬೇಕಾಗಿತ್ತು."

ಮರುದಿನ ಕಾಲೇಜಿನ ಕ್ಯಾಂಟೀನಿನಲ್ಲಿ ಗುರುಪಾದ ವಿನೋದನನ್ನು ಹುಡುಕಿಕೊಂಡು ಹೋದ. ಕ್ಷಮಿಸು ಎನ್ನುವುದಕ್ಕೆ ಮುಂಚೆಯೇ ವಿನೋದ ಚಹಾದ ಕಪ್ಪು ಅವನ ಕಡೆ ಸರಿಸಿ, "ಬಿಡಪಾ, ಹೊಸಾದೇನಲ್ಲ" ಎಂದ.

"ಹೊಸಾದಲ್ಲ ಅಂದ್ರ?"

"ಪ್ರತಿ ಭಾನುವಾರ ಹೇಳತಿಯಲ್ಲ. ನಾ ಹಿಂದ ಕುಂತು ಕೇಳೇನಿ."

ಗುರುಪಾದನಿಗೆ ನೆನಪಾಯಿತು. ಹೌದು, ವಿನೋದ ಅಲ್ಲಿರುತ್ತಿದ್ದ. ಗೋಡೆಗೆ ಒರಗಿ ಕೂರುತ್ತಿದ್ದ. "ನೀನೂ ನಗತಿದ್ದಿ" ಎಂದ ಗುರುಪಾದ ಸಣ್ಣ ದನಿಯಲ್ಲಿ.

"ಎಲ್ಲಾರಿಗಿಂತ ಮೊದಲು ನಗತಿದ್ದೆ. ಇಲ್ಲಂದ್ರ ಎಲ್ಲಾರೂ ತಿರುಗಿ ನನ್ನ ನೋಡತಿದ್ರು." ವಿನೋದ ಸಿಟ್ಟಿನಿಂದ ಹೇಳಲಿಲ್ಲ. ಹವಾಮಾನದ ಮಾತಾಡುವ ಹಾಗೆ ಹೇಳಿದ. "ನನಗ ರೂಢಿ ಐತಿ. ರಜನಿಗೆ ಇರಲಿಲ್ಲ."

ಆ ಮಧ್ಯಾಹ್ನ ಗುರುಪಾದ ಪಾಠ ಮಾಡಲಿಲ್ಲ. ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದ. ದುರ್ಗದಬೈಲಿನ ಗದ್ದಲದಲ್ಲಿ ನುಗ್ಗಿ ಸೀರೆ ಅಂಗಡಿಯ ಮುಂದೆ ನಿಂತಾಗ ಒಳಗೆ ಹೋಗಲು ಕಾಲೇ ಬರಲಿಲ್ಲ. ಗೌರಕ್ಕನೇ ನೋಡಿ ಕರೆದಳು. ಗಿರಾಕಿಗಳ ಮುಂದೆಯೇ "ನಮ್ಮ ಅಳಿಯಾರು" ಎಂದು ಹೆಮ್ಮೆಯಿಂದ ಹೇಳಿದಳು. ಅವನು ಕೂರಲಿಲ್ಲ.

"ಅತ್ತಿಯಾರ, ನಿನ್ನೆ ನಾ ಆಡಿದ್ದು ಹೊಲಸು ಮಾತು. ಮಂದೀನ ನಗಸಾಕ ಆಡಿದ್ದು. ಅದನ್ನ ನೀವು ಖರೇ ಅಂತ ಇಟಗೋಬ್ಯಾಡ್ರಿ. ವಿನೋದಗ ಅವಮಾನ ಆಗೇತಿ. ರಜನಿ ನಿಮ್ಮ ನಗು ನೋಡಿ ಅರಳಿದ್ಲು. ಅದನ್ನ ನಾ ಕೆಡಿಸಿದೆ."

ಗೌರಕ್ಕನ ಮುಖ ಬಿಗಿಯಿತು. "ಅಂದ್ರ ಇಷ್ಟು ದಿನ ನಾ ಮಾಡಿದ್ದು ತಪ್ಪು ಅನ್ನಾಕ ಬಂದೀರೇನು?"

"ನಾ ಮಾಡಿದ್ದು ತಪ್ಪು ಅನ್ನಾಕ ಬಂದೇನ್ರಿ. ನಿಮ್ಮದು ನನಗ ಗೊತ್ತಿಲ್ಲ."

ಅವಳು ಬಿಚ್ಚಿಟ್ಟ ಇಳಕಲ್ ಸೀರೆಯನ್ನು ಮಡಚತೊಡಗಿದಳು. ಅಂಚಿಗೆ ಅಂಚು ಕೂಡಲಿಲ್ಲ. ಬಿಚ್ಚಿ ಮತ್ತೆ ಮಡಚಿದಳು. ಗುರುಪಾದ ತಲೆತಗ್ಗಿಸಿ ನಿಂತೇ ಇದ್ದ. ಗಿರಾಕಿ ಹೆಂಗಸರು ಅವನನ್ನು ಮೇಲಿಂದ ಕೆಳಗೆ ನೋಡಿ ತಮ್ಮೊಳಗೇ ಪಿಸುಗುಟ್ಟಿದರು.

"ಹುಡುಗಿ ಒಳಗ ಹೋಗಿ ಅತ್ತಳೇನು?" ಗೌರಕ್ಕ ಕೊನೆಗೆ ಕೇಳಿದಳು.

"ಭಾಳ ಅತ್ತಳ್ರಿ."

"ನನಗ ನಲ್ಲಿ ಸಪ್ಪಳ ಕೇಳಿತ್ತು" ಎಂದಳು ಗೌರಕ್ಕ. "ಕೇಳಿಸಿಕೊಂಡೂ ಎದ್ದು ಬಂದೆ." ಮತ್ತೆ ಸೀರೆಯತ್ತ ತಿರುಗಿದಳು. ಚಹಾ ಕುಡಿಯಿರಿ ಎಂದೂ ಅನ್ನಲಿಲ್ಲ.

ಕೆಲವು ವಾರಗಳ ನಂತರ ಗೌರಕ್ಕ ತಾನೇ ಫೋನು ಮಾಡಿ, ಮಗಳ ಮನೆಗೆ ಹೋದಳು. ರಜನಿ ಅಂದು ದಾಕ್ಷಾಯಿಣಿಯನ್ನು ಕರೆದಿದ್ದಳು, ಗುರುಪಾದನನ್ನು ಕರೆದಿರಲಿಲ್ಲ. ಅವನು ಮನೆಯಲ್ಲೇ ಉಳಿದು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕೂತ. ಸಂಜೆ ದಾಕ್ಷಾಯಿಣಿ ಬಂದು ಚಪ್ಪಲಿ ಬಿಡುತ್ತಿದ್ದಂತೆ ಎದ್ದು ಬಂದ.

"ಹ್ಯಾಂಗಾತು?"

"ಛಲೋ ಆತು. ದೊಡ್ಡವ್ವ ವಿನೋದಗ ತಾನ ಬಡಿಸಿದ್ಲು."

ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಕೇಳಬಾರದೆಂದುಕೊಂಡರೂ ಕೇಳಿದ: "ನನ್ನ ಬಗ್ಗೆ ಏನರೆ ಅಂದ್ರೇನು?"

"ಯಾರೂ ಏನೂ ಅನ್ನಲಿಲ್ಲ" ಎಂದು ದಾಕ್ಷಾಯಿಣಿ ಒಳಗೆ ಹೋದಳು.

ಗುರುಪಾದ ಮತ್ತೆ ಉತ್ತರಪತ್ರಿಕೆಗಳ ಮುಂದೆ ಕೂತ. ಕೇಳಿದ ನಾಚಿಕೆಗೆ ಕಿವಿ ಬಿಸಿಯಾಗಿತ್ತು. ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದ.