ಕೂದಲಿನ ತುದಿಯ ನೀರು

ಎಳ್ಳಿನೊಳಗೆ ಏನೋ ಮಿಂಚಿತು, ಮರಳಿರಬೇಕು, ಬೆರಳ ತುದಿಗೆ ಅಂಟಿಸಿಕೊಂಡು ತೆಗೆದೆ, ಕರಿ ಎಳ್ಳು ಎಷ್ಟು ಆರಿಸಿದರೂ ಮುಗಿಯುವುದಿಲ್ಲ, ಇವತ್ತು ಅಜ್ಜಿಯ ವರ್ಷದ ಶ್ರಾದ್ಧ, ಹತ್ತಕ್ಕೆ ಆಚಾರ್ಯರು ಬರುತ್ತಾರೆ, ಅಷ್ಟರೊಳಗೆ ಹಾಗಲಕಾಯಿ ಹೆಚ್ಚಬೇಕು, ಉದ್ದು ರುಬ್ಬಬೇಕು — ಫೋನು, ನಾನು ಮಡಿಯಲ್ಲಿದ್ದೇನೆ, ಮುಟ್ಟುವಂತಿಲ್ಲ, ಕೃಪಾ, ತೊಗೋವ್ವಾ, ಎಂಟು ವರ್ಷದ ಮಗಳು ಎರಡೂ ಕೈಯಲ್ಲಿ ರಿಸೀವರು ಹಿಡಿದು ಅಲ್ಲಿಂದಲೇ ಕೂಗುತ್ತಾಳೆ, ಅಮ್ಮಾ, ಮಂದಾ ಅಜ್ಜಿ ನಾಂಪಲ್ಲಿ ಸ್ಟೇಷನ್ನಿಗೆ ಬಂದ್ರಂತ, ಅಪ್ಪ ಆಟೋ ಹಿಡೀಲಿಕ್ಕತ್ತಾರಂತ, ಅಜ್ಜಿ ನೀರು ಕುಡದ ಲೋಟ ಫೋಟೋದ ಮುಂದ ಇಡಬೇಕಂತ. ಲೋಟ. ಇಟ್ಟಿದ್ದೇನೆ ಅತ್ಯಾ, ಹುಣಸೆಹಣ್ಣು ಹಚ್ಚಿ ತಿಕ್ಕಿ ಇಟ್ಟಿದ್ದೇನೆ, ನಿಮ್ಮ ತಾಯಿ ಮಂಚದ ಕಬ್ಬಿಣಕ್ಕೆ ಬಡಿದು ಬಡಿದು ಅದರ ಅಂಚು ತಗ್ಗಾಗಿದೆ, ಅದು ತಿಕ್ಕಿದರೆ ಹೋಗುವುದಿಲ್ಲ. ಮಂದಾಕಿನಿ ಅತ್ಯಾ, ನನ್ನ ಗಂಡನ ಸೋದರತ್ತೆ, ಅಜ್ಜಿ ಹೆತ್ತ ಮಗಳು, ಗುಲ್ಬರ್ಗದಿಂದ ವರ್ಷಕ್ಕೆರಡು ಸಲ ಬಂದು ಎರಡು ದಿನ ಅತ್ತು ಹೋಗುವವಳು, ನಮ್ಮವ್ವ ಪುಣ್ಯವಂತಿ ಸುಹಾಸಿನೀ, ನಿನ್ನ ಕೈಯಾಗಿನ ನೀರು ಕುಡದು ಹೋದ್ಲು, ನನಗ ಸಿಗದ ಭಾಗ್ಯ ನಿನಗ ಸಿಕ್ತು — ವರ್ಷದಿಂದ ಇದೇ ಮಾತು, ಫೋನಿನಲ್ಲಿ, ಮುಂಜಿ ಮದುವೆಗಳಲ್ಲಿ, ಕಂಡವರ ಎದುರು, ನಾನೇ ಹೇಳಿದ್ದು, ಅಲ್ಲ, ನಾನು ಹೇಳಲಿಲ್ಲ, ಹೆಣದ ಪಕ್ಕ ಕೂತು ಕೊನೀಗೆ ನೀರು ಕೊಟ್ಟೆಲ್ಲವ್ವಾ ಎಂದು ಆಕೆ ಕೇಳಿದಾಗ ತಲೆಯಾಡಿಸಿದೆ, ಅಷ್ಟೇ. ಆಗ ಕೃಪಾ ಬಾಗಿಲಲ್ಲಿ ನಿಂತಿದ್ದಳು, ಶಾಲೆಯ ನೀಲಿ ನೀರಿನ ಬಾಟಲಿಯನ್ನು ಇನ್ನೂ ಕೊರಳಿನಿಂದ ತೆಗೆದಿರಲಿಲ್ಲ, ನನ್ನನ್ನೇ ನೋಡಿದಳು. ಆವತ್ತಿನಿಂದ ಏನೋ ಕೇಳಲು ಬರುತ್ತಾಳೆ, ಬಾಯಿ ತೆರೆಯುತ್ತಾಳೆ, ನಾನು ಅವಳ ಜಡೆ ಹೆಣೆಯುತ್ತ ಹೋಂವರ್ಕ್ ಆತೇನು ಬಂಗಾರಾ ಎನ್ನುತ್ತೇನೆ, ಪುಸ್ತಕ ತರಲು ಹೋಗುತ್ತಾಳೆ.

ಎಲ್ಲರಿಗೂ ಬೇಕಾದ ಸುಂದರಾಬಾಯಿ. ನನ್ನ ಗಂಡನ ಅಜ್ಜಿ, ತೊಂಬತ್ತೊಂದು ವರ್ಷ ಬದುಕಿದಳು, ಇಪ್ಪತ್ತಾರಕ್ಕೆ ಗಂಡ ಹೋದ, ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದ ಮರುವರ್ಷ ಎರಡು ಮಕ್ಕಳನ್ನು ಕಟ್ಟಿಕೊಂಡು ಆಳಂದದಿಂದ ಹೈದರಾಬಾದಿಗೆ ಬಂದು ಇದೇ ಹಿಮಾಯತ್‌ನಗರದ ಎರಡು ಕೋಣೆಯಲ್ಲಿ ಇದ್ದಿಲ ಸಿಗಡಿ ಹಚ್ಚಿ ಓದುವ ಹುಡುಗರಿಗೆ ಅನ್ನ ಹಾಕಿದಳು, ಆ ಹುಡುಗರೆಲ್ಲ ಈಗ ರಿಟೈರಾದ ಎಂಜಿನಿಯರುಗಳು, ಬಕ್ಕತಲೆ, ಕೋಲು, ಬಂದು ಅವಳ ಕಾಲು ಹಿಡಿದು ಅಕ್ಕಾ ನಿಮ್ಮ ಕೈ ಸಾರು ಎಂದು ಕಣ್ಣೀರು ಹಾಕುತ್ತಿದ್ದರು, ಅವರಿಗೆ ಚಹಾ ಮಾಡಿ ಕೊಡುತ್ತಿದ್ದವಳು ನಾನು, ನನ್ನ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಚಹಾ ಕೊಟ್ಟು ಒಳಗೆ ಹೋಗುವಾಗ ಬೆನ್ನ ಹಿಂದೆ ಅವಳ ದನಿ, ಹುಡುಗಿ ಛಲೋ ಇದ್ದಾಳ್ರೀ, ಆದ್ರ ಆಕಿ ಚಪಾತಿ ನೋಡ್ಬೇಕು, ಭೂಗೋಳ ಪುಸ್ತಕದಾಗಿನ ನಕಾಶಿ ಇದ್ದಂಗ ಇರ್ತಾವ, ಮೊನ್ನೆ ಒಂದ್ರಾಗ ಆಫ್ರಿಕಾ ಕಾಣಸ್ತು, ಎಲ್ಲರೂ ನಗುತ್ತಿದ್ದರು, ನನಗೂ ನಗು ಬರುತ್ತಿತ್ತು, ಅದೇ ಸಂಕಟ, ಮುದುಕಿಯ ಮೇಲೆ ನೆಟ್ಟಗೆ ಸಿಟ್ಟೂ ಮಾಡಿಕೊಳ್ಳಲಾಗುತ್ತಿರಲಿಲ್ಲ. ಕೃಪಾ ಹುಟ್ಟಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ಒಂಬತ್ತು ತಾಸು ಕೂತಿದ್ದಳು, ಎಂಬತ್ತಮೂರರ ಹೆಂಗಸು, ತಾನೇ ಕಟ್ಟಿದ ಅಂಟಿನ ಉಂಡೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡು, ಹೆಣ್ಣು ಎಂದು ನರ್ಸು ಹೇಳಿದಾಗ ಅತ್ಯಾ ಮುಖ ಸಣ್ಣ ಮಾಡಿದರೆ ಇವಳು, ಆತಲ್ಲ, ನನ್ನ ಸಿಗಡಿ ಮುಂದ ಕೂಡಲಿಕ್ಕೆ ಒಬ್ಬಾಕಿ ಬಂದ್ಲು ಅಂದಳು. ಪ್ರತಿ ಜನವರಿ ನುಮಾಯಿಶ್ ವಸ್ತುಪ್ರದರ್ಶನದಿಂದ ನನಗೊಂದು ಡಜನ್ ಹಸಿರು ಬಳೆ ತರಿಸುತ್ತಿದ್ದಳು. ಬಳೆ ಕೊಟ್ಟಳು, ಮತ್ತೆ ಬಳೆಯಿದ್ದ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಮಡಿಯಲ್ಲಿದ್ದವರ ಕೈಯಿಂದಲ್ಲದೆ ಹನಿ ನೀರು ಮುಟ್ಟುವುದಿಲ್ಲ, ಬಾಯಿ ಮುಕ್ಕಳಿಸಲೂ ಮಡಿನೀರು, ಲೋಟ ಬಡಿದಳೆಂದರೆ ನಾನು ಮಿಂದು, ಗಳದ ಮೇಲೆ ಯಾರೂ ಮುಟ್ಟದೆ ಒಣಗಿದ ಸೀರೆ ಉಟ್ಟು, ಹೊಸ ನೀರು ಹಿಡಿದು ಒಯ್ಯಬೇಕು, ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷ. ಕಣ್ಣು ಮಬ್ಬಾದ ಮೇಲೆ ಅನುಮಾನ ಬೇರೆ, ಕೂದಲದ ನೀರು ನೆಲಕ್ಕ ಬೀಳೋದು ನನಗ ಕೇಳಸ್ಬೇಕು, ಅಂದ್ರ ನಂಬತೀನಿ. ನಾನೂ ಕಲಿತೆ, ಬಚ್ಚಲಿಗೆ ಹೋಗಿ ಕೂದಲ ತುದಿಯಷ್ಟನ್ನೇ ನಲ್ಲಿಯ ಕೆಳಗೆ ಹಿಡಿದು, ಅವಳ ಮಂಚದ ಪಕ್ಕ ಶಹಾಬಾದ ಕಲ್ಲಿನ ಮೇಲೆ ಹಿಂಡುತ್ತಿದ್ದೆ, ಟಪ್, ಟಪ್, ಆತರೀ ಅಜ್ಜಿ, ಮಡಿಯಾಗಿದ್ದೀನಿ, ತೊಗೋರಿ, ಗಟಗಟ ಕುಡಿಯುತ್ತಿದ್ದಳು. ಕೃಪಾ ಬಾಗಿಲ ಹಿಂದೆ ಬಾಯಿಗೆ ಎರಡೂ ಕೈ ಒತ್ತಿಕೊಂಡು ನಗು ತಡೆಯುತ್ತಿದ್ದಳು, ನಾನು ಕಣ್ಣು ಮಿಟುಕಿಸುತ್ತಿದ್ದೆ, ನಮ್ಮಿಬ್ಬರ ಗುಟ್ಟು, ತಾಯಿ ಮಗಳ ಆಟ, ಮೂರು ವರ್ಷ ಹಾಗೇ ನಡೆಯಿತು, ಪಾಪವೆಂದು ಒಂದು ದಿನವೂ ಅನಿಸಲಿಲ್ಲ.

ಹಾಗಲಕಾಯಿ ಕಹಿ ಕೈಗೆ ಹತ್ತಿದೆ. ನನಗೆ ಸಿಕ್ಕಿದ್ದ ಆ ಕೆಲಸದ ಕಾಗದ ಇನ್ನೂ ಟ್ರಂಕಿನ ತಳದಲ್ಲಿದೆ, ಗಚ್ಚಿಬೌಲಿಯ ಗಾಜಿನ ಕಟ್ಟಡ, ಅಮೆರಿಕದ ಡಾಕ್ಟರು ಟೇಪಿನಲ್ಲಿ ಹೇಳಿದ್ದನ್ನು ಕೇಳಿ ಟೈಪು ಮಾಡುವುದು, ನೂರಾರು ಜನರಲ್ಲಿ ಆರಿಸಿದ ಹನ್ನೆರಡರಲ್ಲಿ ಒಬ್ಬಳು ನಾನು, ಒಳಗೆ ಕಾಲಿಟ್ಟಾಗ ತಣ್ಣಗಿನ ಗಾಳಿ, ಕಿವಿಗೆ ಹಾಕುವ ಹೆಡ್‌ಫೋನು, ಮೇಡಂ ನಿಮ್ಮ ಹೆಸರೇನು ಎಂದು ಕೇಳಿದರು, ಸುಹಾಸಿನಿ ಎಂದೆ, ಎಷ್ಟು ವರ್ಷದ ಮೇಲೆ ಯಾರೋ ನನ್ನ ಹೆಸರು ಕೇಳಿ ಬರೆದುಕೊಂಡರು. ನನ್ನ ಗಂಡ ಪದ್ಮನಾಭ ಹೂಂ ಅಂದಿದ್ದರು. ಅಜ್ಜಿ ಬೇಡ ಅನ್ನಲಿಲ್ಲ, ಬೇಡ ಅಂದಿದ್ದರೆ ಜಗಳವಾಡುತ್ತಿದ್ದೆ, ಹೋಗವ್ವಾ, ಹೋಗು, ನಾ ಸಂಜೀತನಕ ನೀರು ಕುಡಿಯೋದಿಲ್ಲ, ಅದಕ್ಕೇನಾಗ್ತದ, ರೂಢಿ ಆಗ್ತದ — ಅಂದಂತೆಯೇ ಎರಡು ದಿನ ಕುಡಿಯಲಿಲ್ಲ, ನಾನು ಮನೆಯಲ್ಲಿದ್ದಾಗಲೇ ತುಟಿ ಒಣಗಿಸಿಕೊಂಡು ಅಭ್ಯಾಸ ಮಾಡಿ ತೋರಿಸಿದಳು, ಪದ್ಮನಾಭ ನನ್ನ ಮುಖ ನೋಡದೆ ಇನ್ನೊಂದು ವರ್ಷ ತಡಿ ಅಂದರು. ಸೇರಬೇಕಾಗಿದ್ದ ದಿನ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನ ಬಿಳಿ ಕ್ವಾಲಿಸ್ ಗಾಡಿ ಓಣಿಯ ತುದಿಗೆ ಬಂತು, ಬರುವುದಿಲ್ಲವೆಂದು ಫೋನು ಮಾಡಲು ನನಗೆ ಮನಸ್ಸಾಗಿರಲಿಲ್ಲ, ಗ್ಯಾಲರಿಯಲ್ಲಿ ನಿಂತು ನೋಡಿದೆ, ಎರಡು ಸಲ ಹಾರ್ನ್ ಹಾಕಿತು, ಒಳಗೆ ಕೂತ ಹುಡುಗಿ ತಲೆ ಹೊರಗೆ ಹಾಕಿ ಮೇಲೆ ನೋಡಿದಳು, ಹೋಯಿತು. ಆಗಲೇ ಲೋಟ ಬಡಿಯಿತು. ಟಣ್ ಟಣ್ ಟಣ್. ಸುಹಾಸಿನೀ, ನೀರು. ದನಿ ಬೇರೆಯಾಗಿತ್ತು, ಗೊತ್ತಾಯಿತು ನನಗೆ, ಗೊತ್ತಾಗಲಿಲ್ಲ ಎಂದು ವರ್ಷದಿಂದ ಹೇಳಿಕೊಳ್ಳುತ್ತಿದ್ದೇನೆ, ಗೊತ್ತಾಯಿತು. ಶಾಲೆಗೆ ಹೊರಟಿದ್ದ ಕೃಪಾ ಬಾಟಲಿಯ ಮುಚ್ಚಳ ತಿರುವುತ್ತ, ನಾ ಕೊಡ್ಲಾ ಅಮ್ಮಾ? ಮುಟ್ಟಬ್ಯಾಡ, ಅಜ್ಜಿ ಮಡಿ, ನಾ ಸ್ನಾನ ಮಾಡಿ ಬರ್ತೀನಿ. ಮತ್ತೆ ಮಿಂದೆ. ತಲೆಯ ಮೇಲಿಂದ, ಒಂದೊಂದೇ ತಂಬಿಗೆ, ಗಂಗಾ ಯಮುನಾ ಎಲ್ಲಾ ಹೇಳಿಕೊಂಡು, ನಿನ್ನ ಮಡಿ ತಾನೇ, ಪೂರ್ತಿ ತೊಗೋ, ಕೋಲಿನಿಂದ ಗಳದ ಸೀರೆ ಇಳಿಸಿ ನಿರಿಗೆ ಹಿಡಿದು ಬಿಡಿಸಿ ಮತ್ತೆ ಹಿಡಿದೆ, ತಾಮ್ರದ ಕೊಡ ತೊಳೆದೆ, ಹೊಸ ನೀರು ತುಂಬಿದೆ, ಬಾಗಿಲಾಚೆ ಟಣ್, ಟಣ್, ಆಮೇಲೆ ಒಂದೇ, ಆಮೇಲೆ ನನ್ನ ಕೂದಲಿನ ನೀರು ಮಾತ್ರ. ಹೋದಾಗ ಲೋಟ ನೆಲದ ಮೇಲಿತ್ತು. ತುಟಿಗೆ ನೀರು ಬಿಟ್ಟೆ, ಕೆನ್ನೆಯ ಮೇಲೆ ಇಳಿದು ದಿಂಬಿಗೆ ಹೋಯಿತು.

ಆಟೋ ನಿಂತಿತು, ಮೆಟ್ಟಿಲ ಮೇಲೆ ಪದ್ಮನಾಭರ ಚಪ್ಪಲಿ ಸಪ್ಪಳ, ಅತ್ಯಾ ಬಂದಳು, ಚೀಲ ಇಳಿಸುವ ಮೊದಲೇ ಫೋಟೋದ ಮುಂದೆ ಕುಸಿದು ಕೂತಳು, ಅವ್ವಾ, ಎಂಥಾಕಿ ಇದ್ದೆವ್ವಾ ನೀ, ಅಳಲಿ, ಅಳುವುದು ಸುಲಭ, ಲೋಟ ಎತ್ತಿ ಕಣ್ಣಿಗೆ ಒತ್ತಿಕೊಂಡಳು, ತಗ್ಗಾದ ಅಂಚನ್ನು ಬೆರಳಿನಿಂದ ಸವರಿದಳು, ಬಾರವ್ವಾ ಕೃಪಾ ಇಲ್ಲೆ, ನೀನೂ ಇದ್ದೆಲ್ಲಾ ಆವತ್ತು, ನಿಮ್ಮಮ್ಮ ಹೇಳೂದಿಲ್ಲ, ದೊಡ್ಡ ಮನಸಿನಾಕಿ, ನೀ ಹೇಳು, ಅಜ್ಜಿ ಹೆಂಗ ನೀರು ಕುಡದ್ಲು. ಕೃಪಾ ಅತ್ಯಾನ ಹತ್ತಿರ ಹೋಗಲಿಲ್ಲ. ನನ್ನ ಕಡೆ ಬಂದಳು, ಮಡಿಯಲ್ಲಿದ್ದ ನನ್ನನ್ನು ಮುಟ್ಟದಂತೆ ಒಂದು ಗೇಣು ದೂರ ನಿಂತಳು, ನಾನೇ ಕಲಿಸಿದ ದೂರ, ಹೋಂವರ್ಕ್ ಎಂದು ಕೇಳಲು ಬಾಯಿ ತೆರೆದೆ, ಇವತ್ತು ಶಾಲೆಯಿಲ್ಲ, ತೆಕ್ಕೆಗೆ ಎಳೆದುಕೊಳ್ಳಬೇಕು, ಮುಟ್ಟುವಂತಿಲ್ಲ, ಬೆನ್ನ ಮೇಲೆ ತುದಿ ಗಂಟು ಹಾಕಿದ ಒದ್ದೆ ಕೂದಲು, ಕಲ್ಲಿನ ಮೇಲೆ ಟಪ್, ಅವಳು ಕೆಳಗೆ ನೋಡಿದಳು, ಟಪ್, ಮತ್ತೆ ಮೇಲೆ, ನನ್ನ ಮುಖ —

ಅಮ್ಮಾ, ದಿನಾ ಬರೇ ಕೂದಲ ತೊಯ್ಸಿಕೊಂಡು ನೀರು ಕೊಡ್ತಿದ್ದೆಲ್ಲಾ, ಆವತ್ತೊಂದ ದಿನ ಖರೇ ಖರೇ ಸ್ನಾನ ಯಾಕ ಮಾಡ್ದಿ?